ಕ್ಲಿಕ್ಕಾ, ಠೇಕಾನಾ, ಎದುರಿಗೆ ಕೂತ ತಬಲಾನಾ? ರೆಕಾರ್ಡಿಂಗಿಗೆ ಮುಂಚೆ ಕಾಲ ಹಿಡಿಯುವ ದಾರಿ ಆರಿಸಿಕೊಳ್ಳುವುದು

ದಾವಣಗೆರೆ, ಚಿತ್ರದುರ್ಗದ ಕಡೆ ಮನೆಯ ಒಂದು ಕೋಣೆಯಲ್ಲೇ ಹಾಡು ರೆಕಾರ್ಡ್ ಮಾಡುವವರು ಈಗ ಜಾಸ್ತಿ ಆಗಿದ್ದಾರೆ. ಒಂದು ಆಡಿಯೊ ಇಂಟರ್‌ಫೇಸ್, ಒಂದು ಮೈಕ್, ಒಂದು ಲ್ಯಾಪ್‌ಟಾಪ್ ಇದ್ದರೆ ಕೆಲಸ ಶುರು. ನಾನು ದಾವಣಗೆರೆಯಲ್ಲಿ ಸಣ್ಣ ಸ್ಟುಡಿಯೊ ನಡೆಸುತ್ತೇನೆ. ಅದಕ್ಕೂ ಮೊದಲು ತಬಲಾ ನುಡಿಸುತ್ತಿದ್ದೆ, ಈಗಲೂ ನುಡಿಸುತ್ತೇನೆ. ಭಾವಗೀತೆ ಹಾಡುವವರು, ವಚನ ಹಾಡುವವರು, ಭಜನಾ ಮಂಡಳಿಯವರು, ಕಾಲೇಜು ಬ್ಯಾಂಡಿನ ಹುಡುಗರು, ಯಾರೇ ಬರಲಿ, ಮೊದಲ ದಿನ ಕೇಳುವುದು ಇದನ್ನೇ: ಕ್ಲಿಕ್ ಹಾಕಬೇಕಾ, ಬೇಡ್ವಾ? ಕ್ಲಿಕ್ ಅಂದರೆ ಹಾಡುವಾಗ, ನುಡಿಸುವಾಗ ಕಾಲ ತಪ್ಪದಿರಲಿ ಅಂತ ಹೆಡ್‌ಫೋನಿನಲ್ಲಿ ಕೇಳಿಸುವ ಟಿಕ್ ಟಿಕ್ ಸದ್ದು.

ಕ್ಲಿಕ್ ಹಾಕಿದರೆ ಪ್ರೊಫೆಷನಲ್, ಹಾಕದಿದ್ದರೆ ಹಳ್ಳಿ ಕೆಲಸ ಅನ್ನುವ ಮಾತು ಒಂದು ಕಡೆ ಇದೆ. ಕ್ಲಿಕ್ ಹಾಕಿದರೆ ಹಾಡಿನ ಜೀವ ಹೋಗುತ್ತದೆ ಅನ್ನುವ ಮಾತು ಇನ್ನೊಂದು ಕಡೆ. ಎರಡನ್ನೂ ಪಕ್ಕಕ್ಕಿಡಿ. ಬೇರೆ ಬೇರೆ ದಿನ, ಬೇರೆ ಬೇರೆ ಜಾಗದಲ್ಲಿ ಕೂತು ಒಂದೇ ಹಾಡಿಗೆ ನುಡಿಸುವ ಜನರ ನಡುವಿನ ಒಪ್ಪಂದ ಕ್ಲಿಕ್. ಅಂಥ ಒಪ್ಪಂದದ ಅಗತ್ಯ ನಿಮಗಿದೆಯಾ ಅಂತ ಮೊದಲು ನೋಡಿ. ಅದಕ್ಕೆ ನಾನು ಎರಡು ವಿಷಯ ಕೇಳುತ್ತೇನೆ. ಈ ಹಾಡಿನಲ್ಲಿ ಕಾಲ ಯಾರ ಕೈಯಲ್ಲಿದೆ? ರೆಕಾರ್ಡ್ ಆದ ಮೇಲೆ ಇದಕ್ಕೆ ಏನೇನು ಸೇರಿಸಬೇಕು, ಎಲ್ಲೆಲ್ಲಿ ಕತ್ತರಿಸಬೇಕು? ಈ ಎರಡಕ್ಕೆ ಉತ್ತರ ಸಿಕ್ಕರೆ ಆಯ್ಕೆ ಮುಕ್ಕಾಲು ಮುಗಿದ ಹಾಗೆ.

ದಾರಿಗಳು ಐದಿವೆ: ಬರೀ ಕ್ಲಿಕ್, ತಬಲಾ ಠೇಕಾ (ಒಂದು ತಾಳಕ್ಕೆ ತಬಲಾದಲ್ಲಿ ನುಡಿಸುವ ಮೂಲ ಸುತ್ತು) ಅಥವಾ ಲೂಪ್ (ತಿರುತಿರುಗಿ ಬರುವ ತುಣುಕು), ಎದುರಿಗೇ ಕೂತ ವಾದ್ಯಗಾರ, ಹಾಡಿನ ಜೊತೆ ಬದಲಾಗುವ ಕ್ಲಿಕ್, ಮತ್ತೆ ಏನೂ ಇಲ್ಲದೆ ಹಾಡುವುದು.

ಬರೀ ಕ್ಲಿಕ್

ಟಿಕ್ ಟಿಕ್ ಅಂತ ಕಾಲ ತೋರಿಸುವ ಮೆಟ್ರೊನೋಮ್ ಹಳೇ ವಸ್ತು. ಜರ್ಮನಿಯ ಮೆಲ್ಜೆಲ್ ಅನ್ನುವವರು ಅದಕ್ಕೆ ಪೇಟೆಂಟ್ ಪಡೆದದ್ದು 1815ರಲ್ಲಿ. ರೆಕಾರ್ಡಿಂಗಿನ ಕ್ಲಿಕ್ ಟ್ರ್ಯಾಕ್ ಬಂದದ್ದು 1920ರ ದಶಕದ ಕೊನೆಯ ಹೊತ್ತಿಗೆ, ಕಾರ್ಟೂನ್ ಚಿತ್ರಗಳಿಗೆ ಸಂಗೀತ ಕೂರಿಸುವಾಗ. ಫಿಲ್ಮ್ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. 12 ಫ್ರೇಮಿಗೊಂದು ಟಿಕ್ ಬಂದರೆ ನಿಮಿಷಕ್ಕೆ 120 ಪೆಟ್ಟು. ಪರದೆಯ ಮೇಲಿನ ಹೆಜ್ಜೆಗೂ ವಾದ್ಯದ ಪೆಟ್ಟಿಗೂ ಹೊಂದಲಿ ಅಂತ ಆ ಟಿಕ್ಕನ್ನು ವಾದ್ಯಗಾರರ ಕಿವಿಗೆ ಕೊಟ್ಟರು. ಕೋಣೆಯಲ್ಲಿ ಇಲ್ಲದ ಯಾವುದೋ ಒಂದರ ಜೊತೆ ಸೇರಿಕೊಂಡು ನುಡಿಸಬೇಕಾಗಿತ್ತು, ಅದಕ್ಕೇ ಅದು ಹುಟ್ಟಿತು. ಇವತ್ತಿಗೂ ಅದರ ಉಪಯೋಗ ಅದೇ.

ಲೆಕ್ಕ ಸುಲಭ. 60,000ವನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಪೆಟ್ಟು ಅನ್ನುವ ಅಂಕಿ) ಭಾಗಿಸಿದರೆ ಒಂದು ಪೆಟ್ಟಿಗೆ ಎಷ್ಟು ಮಿಲಿಸೆಕೆಂಡ್ ಅಂತ ಸಿಗುತ್ತದೆ. 120ಕ್ಕೆ 500. 88ಕ್ಕೆ ಸುಮಾರು 682. 94ಕ್ಕೆ ಸುಮಾರು 638. ಈ ಕೊನೆಯ ಎರಡು ಅಂಕಿ ಸುಮ್ನೆ ಹೇಳಿದ್ದಲ್ಲ. ಕ್ಲಿಕ್ ಇಲ್ಲದೆ ಹಾಡಿದ ಒಂದು ಭಾವಗೀತೆ 88ರಲ್ಲಿ ಶುರುವಾಗಿ ಕೊನೆಯ ಪಲ್ಲವಿಗೆ 94 ಮುಟ್ಟುವುದು ಸಹಜ. ಕೇಳುವಾಗ ಅದು ತಪ್ಪು ಅಂತ ಅನ್ನಿಸುವುದೇ ಇಲ್ಲ, ಬಿಸಿ ಏರಿದ ಹಾಗೆ ಅನ್ನಿಸುತ್ತದೆ. ಆದರೆ ಒಂದೊಂದು ಪೆಟ್ಟಿಗೂ 44 ಮಿಲಿಸೆಕೆಂಡ್ ವ್ಯತ್ಯಾಸ ಬಂದಿರುತ್ತದೆ. ಮೊದಲ ಪಲ್ಲವಿ ಚೆನ್ನಾಗಿ ಬಂದಿದೆ, ಅದನ್ನೇ ಕೊನೆಗೆ ಅಂಟಿಸೋಣ ಅಂದರೆ ಕೂರುವುದಿಲ್ಲ. ನಾಲ್ಕೈದು ಪೆಟ್ಟಿನಲ್ಲೇ ಜಾರುತ್ತದೆ.

ಬರೀ ಕ್ಲಿಕ್ಕಿನ ದೊಡ್ಡ ಲಾಭ ಇಲ್ಲೇ ಇರುವುದು. ಒಂದು ಸಾಲು ಕೆಟ್ಟರೆ ಆ ಸಾಲನ್ನಷ್ಟೇ ಮತ್ತೆ ಹಾಡಿಸಿ ಕೂರಿಸಬಹುದು, ಇದಕ್ಕೆ ಪಂಚ್ ಅನ್ನುತ್ತಾರೆ. ಕೋರಸ್ ಒಂದು ಸಲ ಹಾಡಿಸಿ ಮೂರು ಕಡೆ ಬಳಸಬಹುದು. ಕೊಳಲಿನವರು ಹುಬ್ಬಳ್ಳಿಯಲ್ಲಿ, ಗಿಟಾರಿನವರು ಬೆಂಗಳೂರಿನಲ್ಲಿ ಇದ್ದರೂ ತಮ್ಮ ತಮ್ಮ ಮನೆಯಲ್ಲಿ ನುಡಿಸಿ ಕಳಿಸಬಹುದು. ಕೀಬೋರ್ಡಿನ ಬಿಜಿಎಂ ಬಿಟ್‌ಗಳನ್ನು ಕಂಪ್ಯೂಟರಿನಲ್ಲೇ ಬರೆಯುವುದಾದರೆ ಕ್ಲಿಕ್ ಇಲ್ಲದೆ ಕೈ ಕಟ್ಟಿದ ಹಾಗೆ. ಎಕೋ ಕೂಡ ಹಾಡಿನ ಕಾಲಕ್ಕೆ ಹೊಂದಿ ಬೀಳುತ್ತದೆ.

ಕಷ್ಟ ಯಾರಿಗೆ? ತಂಬೂರಿ, ಹಾರ್ಮೋನಿಯಂ ಜೊತೆಗಷ್ಟೇ ಹಾಡಿ ಅಭ್ಯಾಸ ಇರುವವರಿಗೆ. ಅವರು ಕ್ಲಿಕ್ಕಿನ ಬೆನ್ನು ಹತ್ತಿಬಿಡುತ್ತಾರೆ. ಪೆಟ್ಟು ಕೇಳಿದ ಮೇಲೆ ಅಕ್ಷರ ಎತ್ತುತ್ತಾರೆ, ಹಾಡು ಪೂರ್ತಿ ಒಂದು ಕೂದಲು ಹಿಂದೆ ಬೀಳುತ್ತದೆ. ಇಂಥವರಿಗೆ ನಾನು ಹೇಳುವುದು, ರೆಕಾರ್ಡಿಂಗಿಗೆ ಒಂದು ವಾರ ಮುಂಚೆ ಫೋನಿನಲ್ಲಿ ಮೆಟ್ರೊನೋಮ್ ಆ್ಯಪ್ ಹಾಕಿಕೊಂಡು ಮೊದಲು ಬರೀ ಚಪ್ಪಾಳೆ ಹೊಡೆಯಿರಿ ಅಂತ. ನಿಮ್ಮ ಚಪ್ಪಾಳೆ ಸರಿಯಾಗಿ ಪೆಟ್ಟಿನ ಮೇಲೆ ಬಿದ್ದಾಗ ಕ್ಲಿಕ್ ಕೇಳಿಸುವುದೇ ಇಲ್ಲ, ನಿಮ್ಮ ಸದ್ದಿನ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಅದು ಕೈಗೆ ಬಂದ ಮೇಲೆ ಹಾಡಿ. ಆಮೇಲೆ ಪ್ರತಿ ಪೆಟ್ಟನ್ನೂ ತೆಗೆದು ಸಮದ (ಆವರ್ತದ, ಅಂದರೆ ತಾಳದ ಒಂದು ಸುತ್ತಿನ, ಮೊದಲ ಪೆಟ್ಟು) ಮೇಲೆ ಮಾತ್ರ ಕ್ಲಿಕ್ ಬರುವ ಹಾಗೆ ಇಟ್ಟು ಹಾಡಿ. ಸಮಕ್ಕೆ ಸಮ ಸಿಕ್ಕಿತು ಅಂದರೆ ನಡುವೆ ನೀವು ಸಾಲನ್ನು ಎಳೆದರೂ, ತಡೆದು ಬಿಟ್ಟರೂ ತೊಂದರೆ ಇಲ್ಲ. ಒಳ್ಳೆ ಗಾಯಕರು ಕ್ಲಿಕ್ ಇಟ್ಟುಕೊಂಡೂ ಸಾಲನ್ನು ಹಿಂದಕ್ಕೆ ವಾಲಿಸಿ ಹಾಡುತ್ತಾರೆ. ಪ್ರತಿ ಅಕ್ಷರವನ್ನೂ ಪೆಟ್ಟಿಗೆ ಮೊಳೆ ಹೊಡೆದು ಕೂರಿಸಬೇಕು ಅಂತ ಯಾವ ನಿಯಮವೂ ಇಲ್ಲ.

ಗಣೇಶ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ನುಡಿಸುವವರಿಗೆ ಈ ಕಷ್ಟ ಅಷ್ಟಾಗಿ ಇರುವುದಿಲ್ಲ. ಕೀಬೋರ್ಡಿನ ರಿದಂ, ಮೈನಸ್ ಟ್ರ್ಯಾಕ್ (ಹಾಡುವವರ ದನಿ ಇಲ್ಲದ, ಬರೀ ವಾದ್ಯದ ಟ್ರ್ಯಾಕ್), ಪ್ಯಾಡ್ ಇವುಗಳ ಜೊತೆ ಅವರ ಕಿವಿ ಆಗಲೇ ಪಳಗಿದೆ. ಅವರಿಗೆ ನೇರವಾಗಿ ಬರೀ ಕ್ಲಿಕ್ ಕೊಡಿ.

ಕ್ಲಿಕ್ ಇಡುವಾಗ ಜನ ಗಮನ ಕೊಡದ ಒಂದು ವಿಷಯ, ತಾಳ. ಸಾಫ್ಟ್‌ವೇರ್ ತೆರೆದ ತಕ್ಷಣ ಇರುವುದು 4/4. ನಾಲ್ಕು ಪೆಟ್ಟಿಗೊಂದು ಜೋರು ಟಿಂಗ್. ಕಹರವಾಕ್ಕೂ ಆದಿ ತಾಳಕ್ಕೂ ಇದು ನಡೆಯುತ್ತದೆ. ಆದರೆ ಏಳು ಎಣಿಕೆಯ ಮಿಶ್ರ ಛಾಪು ಹಾಡಿಗೆ ಇದನ್ನೇ ಬಿಟ್ಟರೆ, ಆ ಟಿಂಗ್ ಮತ್ತು ನಿಮ್ಮ ಸಮ ಸೇರುವುದು 28 ಎಣಿಕೆಗೆ ಒಂದು ಸಲ, ಅಂದರೆ ನಾಲ್ಕು ಆವರ್ತಕ್ಕೆ ಒಂದು ಸಲ. ನಡುವೆ ಗಾಯಕ ತಡವರಿಸಿದರೆ ಅದು ಅವರ ತಪ್ಪೇ ಅಲ್ಲ. 7/8 ಅಂತ ಬದಲಿಸಿ, 3, 2, 2 ಅಂತ ಒತ್ತು ಬರುವ ಹಾಗೆ ಇಡಿ. ರೀಪರ್‌ನಂಥ ಸಾಫ್ಟ್‌ವೇರಿನಲ್ಲಿ ಒತ್ತು ಎಲ್ಲೆಲ್ಲಿ ಬೀಳಬೇಕು ಅಂತ ನೀವೇ ಬರೆದುಕೊಳ್ಳಬಹುದು. ಆರು ಮಾತ್ರೆಯ (ಎಣಿಕೆಯ) ದಾದ್ರಾಗೆ 6/8. ಇಲ್ಲೊಂದು ಸಣ್ಣ ಗೊಂದಲ ಬರುತ್ತದೆ. ಹೆಚ್ಚಿನ ಸಾಫ್ಟ್‌ವೇರ್‌ಗಳು ಬಿಪಿಎಂ ಎಣಿಸುವುದು ಕ್ವಾರ್ಟರ್ ನೋಟಿನಲ್ಲಿ, 6/8ರ ಎರಡು ಮಾತ್ರೆ ಸೇರಿದರೆ ಒಂದು ಕ್ವಾರ್ಟರ್ ನೋಟ್. ಹಾಗಾಗಿ 6/8 ಇಟ್ಟು ನಿಮಿಷಕ್ಕೆ 180 ಮಾತ್ರೆ ಬೇಕು ಅಂದರೆ ಅಲ್ಲಿ 90 ಅಂತ ಬರೆಯಬೇಕು.

ನಿಧಾನದ ಹಾಡಿಗೆ ಅರ್ಧ ಪೆಟ್ಟುಗಳನ್ನೂ ಸೇರಿಸಿ. 60 ಬಿಪಿಎಂನಲ್ಲಿ ಪೆಟ್ಟಿಂದ ಪೆಟ್ಟಿಗೆ ಪೂರ್ತಿ ಒಂದು ಸೆಕೆಂಡ್ ಖಾಲಿ ಇರುತ್ತದೆ. ಆ ಖಾಲಿಯಲ್ಲೇ ಎಲ್ಲರೂ ಓಡುವುದು. ತುಂಬಾ ವೇಗದ ಹಾಡಿಗೆ ತದ್ವಿರುದ್ಧ, ಎರಡು ಪೆಟ್ಟಿಗೊಂದು ಕ್ಲಿಕ್ ಸಾಕು.

ತಬಲಾ ಠೇಕಾ, ಲೂಪ್

ನಮ್ಮ ಭಾಗದ ಸುಗಮ ಸಂಗೀತದವರಿಗೆ, ವಚನ ಹಾಡುವವರಿಗೆ ನಾನು ಮೊದಲು ಇದನ್ನೇ ಕೊಡುತ್ತೇನೆ. ಒಂದು ಪೆಟ್ಟು ಆಯಿತು ಅನ್ನುವುದನ್ನು ಕ್ಲಿಕ್ ಹೇಳುತ್ತದೆ. ಆವರ್ತದಲ್ಲಿ ನೀವು ಎಲ್ಲಿದ್ದೀರಿ ಅನ್ನುವುದನ್ನು ಠೇಕಾ ಹೇಳುತ್ತದೆ. ಹಾಡುವವರಿಗೆ ಬೇಕಾಗಿರುವುದು ಎರಡನೆಯದು. ಭರಿ (ಗುಮ್ಮು ಇರುವ ಭಾಗ) ಯಾವುದು, ಖಾಲಿ (ಗುಮ್ಮಿಲ್ಲದ ಹಗುರ ಭಾಗ) ಯಾವುದು, ಸಮ ಬರಲು ಎಷ್ಟು ದೂರ ಇದೆ, ಇದೆಲ್ಲ ಬಾಯದ (ಎಡಗೈಯಲ್ಲಿ ನುಡಿಸುವ ತಬಲಾದ) ಗುಮ್ಮಿನಲ್ಲೇ ಗೊತ್ತಾಗುತ್ತದೆ.

ಹಿಂದೂಸ್ತಾನಿಯ ರೂಪಕವನ್ನೇ ತೆಗೆದುಕೊಳ್ಳಿ. ಏಳು ಮಾತ್ರೆ, ತಿನ್ ತಿನ್ ನಾ ಧಿನ್ ನಾ ಧಿನ್ ನಾ. ಅದರ ಸಮವೇ ಖಾಲಿ. ಮೊದಲ ಮಾತ್ರೆ ಹಗುರ, ಗುಮ್ಮು ಬರುವುದು ನಾಲ್ಕರಲ್ಲಿ. ಕ್ಲಿಕ್ ಇದನ್ನು ಉಲ್ಟಾ ಮಾಡುತ್ತದೆ, ಮೊದಲನೆಯದಕ್ಕೇ ಜೋರು ಪೆಟ್ಟು ಕೊಡುತ್ತದೆ. ಎಣಿಕೆ ಸರಿಯಾಗೇ ಇರುತ್ತದೆ, ಹಾಡಿನ ನಡೆ ಮಾತ್ರ ಬೇರೆ ಆಗುತ್ತದೆ. ಠೇಕಾ ಹಾಕಿದರೆ ಆ ತೊಂದರೆ ಇಲ್ಲ. 14 ಮಾತ್ರೆಯ ದೀಪಚಂದಿಗೂ ಠೇಕಾನೇ ಸರಿ.

ಠೇಕಾ ಎಲ್ಲಿಂದ? ಬೆಂಗಳೂರಿನ ರಾಡೆಲ್ ಕಂಪನಿಯ ತಾಲಮಾಲಾದಂಥ ಎಲೆಕ್ಟ್ರಾನಿಕ್ ತಬಲಾ ಪೆಟ್ಟಿಗೆಗಳು ಸಂಗೀತ ಕಲಿಯುವ ಎಷ್ಟೋ ಮನೆಗಳಲ್ಲಿವೆ. ಐಫೋನ್ ಇದ್ದವರು ಐತಬ್ಲಾ ಪ್ರೋ ಬಳಸುತ್ತಾರೆ. ಇಲ್ಲದಿದ್ದರೆ ಕಂಪ್ಯೂಟರಿನೊಳಗೇ ತಬಲಾ ಸ್ಯಾಂಪಲ್‌ಗಳಿಂದ ಒಂದು ಆವರ್ತ ಬರೆದು ತಿರುಗಿಸಬಹುದು. ನನ್ನ ಮೆಚ್ಚಿನದು ಈ ಕೊನೆಯದು. ಕಾರಣ ಇದೆ.

ಪೆಟ್ಟಿಗೆ ಅಥವಾ ಫೋನಿನ ಗಡಿಯಾರ ಬೇರೆ, ನಿಮ್ಮ ಕಂಪ್ಯೂಟರಿನ ಗಡಿಯಾರ ಬೇರೆ. ಎರಡರಲ್ಲೂ 90 ಅಂತ ಬರೆದಿದ್ದರೂ ಐದು ನಿಮಿಷದ ಹಾಡಿನ ಕೊನೆಗೆ ಪೆಟ್ಟುಗಳು ಒಂದಕ್ಕೊಂದು ಸ್ವಲ್ಪ ಜಾರಿರಬಹುದು. ಹಾಗಾಗಿ ಪೆಟ್ಟಿಗೆಯನ್ನು ಪಕ್ಕದಲ್ಲಿ ಓಡಿಸಿಕೊಂಡು ಹಾಡಬೇಡಿ. ಅದರ ಲೈನ್ ಔಟ್‌ನಿಂದ ಪೂರ್ತಿ ಹಾಡಿನಷ್ಟು ಉದ್ದಕ್ಕೆ ಒಂದು ಟ್ರ್ಯಾಕ್ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಎಲ್ಲರೂ ಆ ಟ್ರ್ಯಾಕ್ ಕೇಳಿಕೊಂಡೇ ಹಾಡಲಿ, ನುಡಿಸಲಿ. ಹೀಗೆ ಮಾಡಿದರೆ ಎಲ್ಲರೂ ಒಟ್ಟಿಗೇ ಇರುತ್ತಾರೆ. ಆದರೆ ಕಂಪ್ಯೂಟರಿನ ಗ್ರಿಡ್ಡಿಗೆ (ಪರದೆಯ ಮೇಲೆ ಪೆಟ್ಟುಗಳನ್ನು ತೋರಿಸುವ ಗೆರೆಗಳಿಗೆ) ಹಾಡು ಪೂರ್ತಿ ಹೊಂದುವುದಿಲ್ಲ, ಮುಂದೆ ಪ್ರೋಗ್ರಾಮಿಂಗ್ ಮಾಡುವವರಿಗೆ ಕಿರಿಕಿರಿ. ಕಂಪ್ಯೂಟರಿನೊಳಗೇ ಠೇಕಾ ಬರೆದರೆ ಗಾಯಕರಿಗೆ ಠೇಕಾ ಸಿಗುತ್ತದೆ, ಪ್ರೋಗ್ರಾಮರ್‌ಗೆ ಗ್ರಿಡ್ಡೂ ಸಿಗುತ್ತದೆ.

ಇನ್ನೂ ಎರಡು ಎಚ್ಚರ. ಠೇಕಾದ ತಬಲಾ ಗಾಯಕರ ಶ್ರುತಿಗೇ ಇರಬೇಕು. ಹಾಡು ಕಪ್ಪು ಎರಡರಲ್ಲಿ (ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ ಶ್ರುತಿಯಲ್ಲಿ), ಠೇಕಾ ಕಪ್ಪು ಒಂದರಲ್ಲಿ ಇದ್ದರೆ ಹಾಡುವವರ ಸ್ವರ ಅವರಿಗೇ ಗೊತ್ತಿಲ್ಲದೆ ಎಳೆದಾಡುತ್ತದೆ. ಇನ್ನೊಂದು, ಆಮೇಲೆ ನಿಜವಾದ ತಬಲಾ ಸೇರಿಸುವುದಿದ್ದರೆ, ತಬಲಾದವರು ನುಡಿಸುವಾಗ ಠೇಕಾ ಮ್ಯೂಟ್ ಮಾಡಿ. ಅವರಿಗೆ ಹಾಡು ಮತ್ತು ಬರೀ ಕ್ಲಿಕ್ ಕೊಡಿ. ತಬಲಾದ ಮೇಲೆ ತಬಲಾ ನುಡಿಸು ಅಂದರೆ ಯಾರ ಕೈಯೂ ಬಿಚ್ಚಿಕೊಳ್ಳುವುದಿಲ್ಲ, ಲಗ್ಗಿ (ಚುರುಕಾದ, ವೇಗದ ನುಡಿಸಾಟ) ಎತ್ತುವ ಮನಸ್ಸೇ ಬರುವುದಿಲ್ಲ. ತಬಲಾದವನಾಗಿ ಇದನ್ನು ಖಡಾಖಂಡಿತ ಹೇಳಬಲ್ಲೆ.

ಇಂಟರ್ನೆಟ್ಟಿನಲ್ಲಿ ಸಿಕ್ಕ ಲೂಪನ್ನು ಕೊನೆಯ ಮಿಕ್ಸಿನಲ್ಲಿ ಬಿಡುವುದಾದರೆ ಅದನ್ನು ಬಳಸಲು ಅನುಮತಿ ಇದೆಯಾ ನೋಡಿಕೊಳ್ಳಿ. ಬರೀ ಕಾಲ ಹಿಡಿಯಲು ಬಳಸಿ ಆಮೇಲೆ ತೆಗೆಯುವುದಾದರೆ ಆ ಚಿಂತೆ ಇಲ್ಲ.

ಎದುರಿಗೇ ಕೂತ ವಾದ್ಯಗಾರ

ಒಳ್ಳೆ ತಬಲಾ ಅಥವಾ ಮೃದಂಗದವರು ಊರಲ್ಲೇ ಸಿಗುತ್ತಾರೆ, ಒಂದೇ ದಿನ ಎಲ್ಲರೂ ಸೇರುತ್ತೀರಿ, ಆಮೇಲೆ ಜಾಸ್ತಿ ಏನೂ ಸೇರಿಸುವುದಿಲ್ಲ. ಈ ಮೂರೂ ಇದ್ದರೆ ಬೇರೆ ಯಾವುದನ್ನೂ ಯೋಚಿಸಬೇಡಿ. ಒಟ್ಟಿಗೆ ಕೂತು ಹಾಡಿ. ಗಾಯಕರು ಉಸಿರು ಎಳೆದುಕೊಳ್ಳುವುದನ್ನು ನೋಡಿ ತಬಲಾ ಒಂದು ಚೂರು ಕಾಯುತ್ತದಲ್ಲ, ಆ ಕಾಯುವಿಕೆಯನ್ನು ಯಾವ ಕ್ಲಿಕ್ಕೂ ಕೊಡುವುದಿಲ್ಲ.

ಕಂಪನಿ ನಾಟಕದ ರಂಗಗೀತೆಗಳಿಗಂತೂ ಇದೇ ಸರಿ. ದಾವಣಗೆರೆ ಕಂಪನಿ ನಾಟಕದ ಊರು, ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಆ ಹಾಡುಗಳಲ್ಲಿ ಕಾಲ ಇರುವುದು ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರ ಕೈಯಲ್ಲಿ. ಮಾತಿನಿಂದ ಹಾಡಿಗೆ ಹತ್ತುವುದು, ಒಂದು ಸಾಲನ್ನು ತಡೆದು ನಿಲ್ಲಿಸಿ ಮತ್ತೆ ಎತ್ತಿಕೊಳ್ಳುವುದು ಎಲ್ಲ ಅಲ್ಲೇ ತೀರ್ಮಾನ ಆಗುತ್ತದೆ. ಹಳೆಯ ರಂಗಗೀತೆ ಹಾಡುವ ಹಿರಿಯರನ್ನು ಕೂರಿಸಿ ಹೆಡ್‌ಫೋನ್ ಹಾಕಿ ಟಿಕ್ ಟಿಕ್ ಕೇಳಿಸಬೇಡಿ, ದಯವಿಟ್ಟು.

ತೊಂದರೆ ಇರುವುದು ಸದ್ದು ಬೆರೆಯುವುದರಲ್ಲಿ. ಗಾಯಕರ ಮೈಕಿಗೆ ತಬಲಾ, ತಬಲಾ ಮೈಕಿಗೆ ಗಾಯಕರು ಬರುತ್ತಾರೆ. ಒಂದು ಸಾಲು ಮಾತ್ರ ಮತ್ತೆ ಹಾಡಿಸಿದರೆ ಹಳೆಯ ದನಿ ತಬಲಾ ಟ್ರ್ಯಾಕಿನಲ್ಲಿ ತೆಳ್ಳಗೆ ಉಳಿದಿರುತ್ತದೆ. ಮನೆಯ ಕೋಣೆಯಲ್ಲಿ ಇದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ, ಕಡಿಮೆ ಮಾಡಬಹುದು. ಕಾರ್ಡಿಯಾಯ್ಡ್ ಮೈಕ್ ತನ್ನ ಬೆನ್ನ ಕಡೆಯ ಸದ್ದನ್ನು ಎಲ್ಲಕ್ಕಿಂತ ಕಡಿಮೆ ಹಿಡಿಯುತ್ತದೆ. ಹಾಗಾಗಿ ಗಾಯಕರ ಮೈಕಿನ ಬೆನ್ನಿಗೆ ತಬಲಾ ಬರುವ ಹಾಗೆ ಎದುರು ಬದುರು ಕೂರಿಸಿ. ಗೋಡೆಗೆ ಹತ್ತಿ ಗಾದಿ ನಿಲ್ಲಿಸಿ. ಅಥವಾ ತಬಲಾದವರನ್ನು ಪಕ್ಕದ ಕೋಣೆಗೆ ಕಳಿಸಿ ಇಬ್ಬರಿಗೂ ಹೆಡ್‌ಫೋನ್ ಕೊಡಿ. ನಡುವಿನ ಬಾಗಿಲಿಗೆ ಗಾಜು ಇದ್ದರೆ ಇನ್ನೂ ಒಳ್ಳೇದು, ಮುಖ ನೋಡಿಕೊಂಡು ನುಡಿಸಬಹುದು.

ಇಲ್ಲಿ ಪಂಚ್ ಬದಲು ಪೂರ್ತಿ ಟೇಕ್‌ಗಳ ಲೆಕ್ಕ. ಮೂರು ನಾಲ್ಕು ಸಲ ಪೂರ್ತಿ ಹಾಡಿ, ಒಳ್ಳೆಯದನ್ನು ಇಟ್ಟುಕೊಳ್ಳಿ. ಒಂದು ಟೇಕಿನ ಚರಣವನ್ನು ಇನ್ನೊಂದಕ್ಕೆ ಕೂಡಿಸಬೇಕಾದರೆ ಆವರ್ತದ ಅಂಚಿನಲ್ಲಿ ಕತ್ತರಿಸಿ, ಎರಡರ ವೇಗ ಹತ್ತಿರ ಇದೆಯಾ ಮೊದಲೇ ನೋಡಿ. ಒಂದು ಉಪಾಯ: ಪ್ರತಿ ಟೇಕಿಗೆ ಮುಂಚೆ ನಾಲ್ಕು ಕ್ಲಿಕ್ ಕೇಳಿಸಿ ನಿಲ್ಲಿಸಿಬಿಡಿ. ಎಲ್ಲ ಟೇಕ್‌ಗಳೂ ಒಂದೇ ಕಾಲದಲ್ಲಿ ಹೊರಡುತ್ತವೆ, ಆಮೇಲಿನದು ಅವರ ಪಾಡಿಗೆ ಅವರು.

ಬದಲಾಗುವ ಕ್ಲಿಕ್

ಎಷ್ಟೋ ಜನಕ್ಕೆ ಇದು ಇದೆ ಅಂತಲೇ ಗೊತ್ತಿಲ್ಲ. ಕ್ಲಿಕ್ ಅಂದರೆ ಮೊದಲಿಂದ ಕೊನೆತನಕ ಒಂದೇ ವೇಗ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ರೀಪರ್, ಕ್ಯೂಬೇಸ್, ಲಾಜಿಕ್ ಎಲ್ಲದರಲ್ಲೂ ಹಾಡಿನ ಉದ್ದಕ್ಕೂ ಬಿಪಿಎಂ ಏರಿಸುವ, ಇಳಿಸುವ ಅನುಕೂಲ ಇದೆ. ಇದಕ್ಕೆ ಟೆಂಪೊ ಮ್ಯಾಪ್ ಅನ್ನುತ್ತಾರೆ.

ಭಜನೆಯನ್ನು ನೋಡಿ. ನಿಧಾನಕ್ಕೆ ಶುರುವಾಗಿ, ಕೈತಾಳ ಜೋರಾಗಿ, ಕೊನೆಗೆ ಎಲ್ಲರೂ ನಾಮ ಹೇಳುವ ಹೊತ್ತಿಗೆ ದ್ರುತಕ್ಕೆ ಹೋಗಿರುತ್ತದೆ. ಆ ಏರಿಕೆಯೇ ಭಜನೆ. ಒಂದೇ ವೇಗದ ಕ್ಲಿಕ್ ಹಾಕಿದರೆ ಮಂಡಳಿಯವರು ಎಷ್ಟು ಚೆನ್ನಾಗಿ ಹಾಡಿದರೂ ಸಪ್ಪೆ ಬರುತ್ತದೆ. ಮೊದಲ ಭಾಗಕ್ಕೆ 92, ಎರಡನೆಯದಕ್ಕೆ 100, ಆಮೇಲೆ ನಾಲ್ಕು ಆವರ್ತದಲ್ಲಿ ಮೆಲ್ಲಗೆ 130ಕ್ಕೆ ಏರುವ ಹಾಗೆ ಬರೆದರೆ ಏರಿಕೆಯೂ ಇರುತ್ತದೆ, ಬೇರೆ ದಿನ ಬಂದು ಕೊಳಲು ಸೇರಿಸುವವರಿಗೆ ದಾರಿಯೂ ಇರುತ್ತದೆ. ಆ ಅಂಕಿಗಳನ್ನು ಊಹಿಸಿ ಬರೆಯಬೇಡಿ. ಮಂಡಳಿಯವರು ತಮ್ಮ ಪಾಡಿಗೆ ಹಾಡಿದ್ದನ್ನು ಫೋನಿನಲ್ಲಿ ಹಿಡಿದು, ಆಯಾ ಜಾಗದಲ್ಲಿ 15 ಸೆಕೆಂಡಿಗೆ ಎಷ್ಟು ಪೆಟ್ಟು ಬಂತು ಎಣಿಸಿ, ನಾಲ್ಕರಿಂದ ಗುಣಿಸಿ.

ಇನ್ನೊಂದು ಬಗೆ ಇದೆ, ನನಗೆ ತುಂಬಾ ಇಷ್ಟವಾದದ್ದು. ಮೊದಲು ಗಾಯಕರು ಮತ್ತು ತಬಲಾದವರು ಕ್ಲಿಕ್ ಇಲ್ಲದೆ ಮನಸ್ಸಿಗೆ ಬಂದ ಹಾಗೆ ಒಂದು ಗೈಡ್ ಟ್ರ್ಯಾಕ್ ಮಾಡುತ್ತಾರೆ. ಸದ್ದು ಬೆರೆತರೂ ಚಿಂತೆ ಇಲ್ಲ, ಇದು ಉಳಿಯುವುದಿಲ್ಲ. ಆಮೇಲೆ ಆ ಟ್ರ್ಯಾಕಿನ ಸಮ ಬಿದ್ದ ಕಡೆಯೆಲ್ಲ ಗುರುತು ಹಾಕಿ, ಸಾಫ್ಟ್‌ವೇರಿನ ಗ್ರಿಡ್ಡನ್ನು ಅದಕ್ಕೆ ಹೊಂದಿಸುವುದು. ಈಗ ಕ್ಲಿಕ್ಕೇ ಮನುಷ್ಯರ ಹಿಂದೆ ನಡೆಯುತ್ತದೆ. ಲಾಜಿಕ್‌ನ ಸ್ಮಾರ್ಟ್ ಟೆಂಪೊ, ಕ್ಯೂಬೇಸ್‌ನ ಟೆಂಪೊ ಡಿಟೆಕ್ಷನ್ ಇದನ್ನು ತಾವೇ ಕಂಡುಹಿಡಿಯಲು ನೋಡುತ್ತವೆ. ತಬಲಾ ಸ್ಪಷ್ಟ ಇದ್ದರೆ ಪರವಾಗಿಲ್ಲ, ಇಲ್ಲದಿದ್ದರೆ ಕೈಯಲ್ಲೇ ಮಾಡಿ. ಆವರ್ತಕ್ಕೆ ಒಂದೇ ಗುರುತು ಹಾಕಿ. ಪ್ರತಿ ಪೆಟ್ಟಿಗೂ ಹಾಕಿದರೆ ಕೈಯ ಸಣ್ಣ ಸಣ್ಣ ಅದುರಾಟವೆಲ್ಲ ಕ್ಲಿಕ್ಕಿಗೆ ಬಂದು, ಅದರ ಜೊತೆ ನುಡಿಸುವವರು ಸುಸ್ತಾಗುತ್ತಾರೆ.

ಇದಕ್ಕೆ ಹೊತ್ತು ಬೇಕು. ಒಂದು ಹಾಡಿಗೆ ಅರ್ಧ ದಿನ ಹೋದರೂ ಹೋಯಿತು. ಗಂಟೆ ಲೆಕ್ಕದಲ್ಲಿ ಸ್ಟುಡಿಯೊಗೆ ದುಡ್ಡು ಕೊಡುವವರು ಮೊದಲೇ ಕೇಳಿಕೊಳ್ಳಿ. ಆದರೆ ಹಾಡು ಉಸಿರಾಡಬೇಕು, ವಾದ್ಯಗಳನ್ನೂ ಒಂದೊಂದಾಗಿ ಸೇರಿಸಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ.

ಏನೂ ಬೇಡದ ಹಾಡುಗಳು

ಆಲಾಪನೆ, ಉಗಾಭೋಗ, ತಾಳವಿಲ್ಲದೆ ಎತ್ತುವ ವಚನದ ಮೊದಲ ಸಾಲುಗಳು. ಇವುಗಳಿಗೆ ಕ್ಲಿಕ್ ಕೊಡುವುದರಲ್ಲಿ ಅರ್ಥವೇ ಇಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ ತಂಡದ ನಾಟಕ, ವಚನ ಗಾಯನ ಕೇಳುತ್ತಾ ಬೆಳೆದವರು ನಮ್ಮ ಭಾಗದಲ್ಲಿ ತುಂಬಾ ಜನ. ಅವರಿಗೆ ವಚನದ ಮೊದಲ ಸಾಲನ್ನು ತಾಳಕ್ಕೆ ಕಟ್ಟದೆ ಬಿಡುವುದು ಸಹಜವಾಗೇ ಬರುತ್ತದೆ. ಅದನ್ನು ಹಾಗೇ ಬಿಡಿ. ತಾಳ ಶುರುವಾಗುವ ಕಡೆಯಿಂದ ಕ್ಲಿಕ್ ಅಥವಾ ಠೇಕಾ ಇಡಿ. ಮೊದಲ ಭಾಗವನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಮುಂದೆ ಜೋಡಿಸಿ. ಅದರ ಕೊನೆಯ ಅಕ್ಷರಕ್ಕೂ ಠೇಕಾದ ಮೊದಲ ಪೆಟ್ಟಿಗೂ ನಡುವೆ ಎಷ್ಟು ಬಿಡಬೇಕು ಅನ್ನುವುದನ್ನು ಕಿವಿಯಿಂದಲೇ ತೀರ್ಮಾನಿಸಿ, ಗ್ರಿಡ್ ನೋಡಬೇಡಿ.

ಜನಪದದ ಮಾತು ಇನ್ನೂ ಬೇರೆ. ಚಿತ್ರದುರ್ಗ ಜಿಲ್ಲೆ ಸಾವಿರಾರು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದ ಸಿರಿಯಜ್ಜಿಯ ನೆಲ. ಕಾಡುಗೊಲ್ಲರು ಗಣೆ (ಉದ್ದನೆಯ ಬಿದಿರಿನ ಕೊಳಲು) ಊದಿಕೊಂಡು ಜುಂಜಪ್ಪನ ಕಥೆ ಹಾಡುವ ನೆಲ. ಗಣೆಯ ಉಸಿರು ಎಲ್ಲಿ ಮುಗಿಯುತ್ತದೋ ಅಲ್ಲಿ ಸಾಲು ಮುಗಿಯುತ್ತದೆ. ಸೋಬಾನೆಯಲ್ಲಿ ಒಂದು ಗುಂಪಿನ ಸೊಲ್ಲು ಮುಗಿಯುವ ಮುಂಚೆಯೇ ಇನ್ನೊಂದು ಗುಂಪು ಎತ್ತಿಕೊಳ್ಳುತ್ತದೆ. ಇವನ್ನು ದಾಖಲಿಸಲು ಹೋಗುವವರು ಕ್ಲಿಕ್ ಇರಲಿ, ಹೆಡ್‌ಫೋನ್ ಕೂಡ ಹಾಡುವವರ ಮುಂದೆ ಇಡಬೇಡಿ. ಅವರು ಕೂರುವ ಜಾಗದಲ್ಲೇ, ಅವರ ಜೊತೆ ದಿನಾ ಹಾಡುವವರನ್ನು ಕೂರಿಸಿಕೊಂಡೇ, ಒಂದು ಜೋಡಿ ಮೈಕಿನಿಂದ ಹಿಡಿಯಿರಿ. ಮುಂದೆ ಯಾರಾದರೂ ಅದಕ್ಕೆ ಗಿಟಾರ್ ಸೇರಿಸಬೇಕು ಅಂದರೆ ಟೆಂಪೊ ಮ್ಯಾಪ್ ಮಾಡಿಕೊಳ್ಳುವ ಕಷ್ಟ ಅವರದ್ದಾಗಲಿ. ಹಾಡಿದ ಅಜ್ಜಿಗೆ ಆ ಭಾರ ಹೊರಿಸಬಾರದು.

ಉರುಮೆ, ತಮಟೆ, ಡೊಳ್ಳಿಗೂ ಕ್ಲಿಕ್ ಬೇಡ. ಆ ಸದ್ದಿನಲ್ಲಿ ಅದು ಕೇಳಿಸುವುದೂ ಇಲ್ಲ, ಕೇಳಿಸಲಿ ಅಂತ ಏರಿಸಿದರೆ ಕಿವಿಗೆ ಪೆಟ್ಟು. ಚಿತ್ರದುರ್ಗದ ಗುಡ್ಡಗಳ ಕಡೆ ಬಯಲಲ್ಲಿ ರೆಕಾರ್ಡ್ ಮಾಡುವವರು ಕ್ಲಿಕ್ಕಿನ ಬದಲು ಗಾಳಿಯ ಬಗ್ಗೆ ಯೋಚಿಸಿ. ಮೈಕಿಗೆ ತುಪ್ಪಳದ ಕವರ್ ಇಲ್ಲದೆ ಅಲ್ಲಿ ಏನೂ ನಡೆಯುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ಕಾಲೇಜು ಬ್ಯಾಂಡು, ಸಿನಿಮಾ ಹಾಡಿನ ಕವರ್, ಕೀಬೋರ್ಡ್ ಪ್ರೋಗ್ರಾಮಿಂಗ್ ಇರುವ ಭಕ್ತಿಗೀತೆ ಆಲ್ಬಂ: ಬರೀ ಕ್ಲಿಕ್. ಬ್ಯಾಂಡಿನಲ್ಲಿ ಡ್ರಮ್ಸಿನವರ ಕಿವಿಗೆ ಮಾತ್ರ ಕ್ಲಿಕ್ ಕೊಟ್ಟು ಉಳಿದವರು ಡ್ರಮ್ಸ್ ಕೇಳಿಕೊಂಡು ನುಡಿಸಿದರೆ ಚೆನ್ನ. ಎಲ್ಲರ ಕಿವಿಯಲ್ಲೂ ಕ್ಲಿಕ್ ಇದ್ದರೆ ಒಬ್ಬರು ಇನ್ನೊಬ್ಬರನ್ನು ಕೇಳುವುದು ಬಿಟ್ಟುಬಿಡುತ್ತಾರೆ.

ಭಾವಗೀತೆ, ತಾಳಕ್ಕೆ ಕೂತ ವಚನ, ದಾಸರ ಪದ, ಒಬ್ಬರೇ ಹಾಡಿ ಆಮೇಲೆ ವಾದ್ಯ ಸೇರಿಸುವುದು: ಕಂಪ್ಯೂಟರಿನೊಳಗೆ ಬರೆದ ಠೇಕಾ. ಇದೇ ಹಾಡಿಗೆ ಹೊತ್ತು ಮತ್ತು ದುಡ್ಡು ಸ್ವಲ್ಪ ಜಾಸ್ತಿ ಇದ್ದರೆ ಗೈಡ್ ಟ್ರ್ಯಾಕಿನಿಂದ ಮಾಡಿದ ಟೆಂಪೊ ಮ್ಯಾಪ್. ಭಜನೆಗೆ, ಕೋಲಾಟಕ್ಕೆ ಒಟ್ಟಿಗೆ ಕೂತು ಹಾಡುವುದು, ಆಗದಿದ್ದರೆ ಏರುವ ಕ್ಲಿಕ್. ರಂಗಗೀತೆಗೆ ಪೇಟಿ ಮಾಸ್ತರರು.

ಮಕ್ಕಳ ಹಾಡು ರೆಕಾರ್ಡ್ ಮಾಡುವ ಶಾಲೆಯ ಮೇಡಂಗಳಿಗೆ ಒಂದು ಮಾತು: ಮಕ್ಕಳಿಗೆ ಕ್ಲಿಕ್ ಬೇಡ, ಕೀಬೋರ್ಡಿನ ಒಂದು ಸರಳ ರಿದಂ ಹಾಕಿ, ಎದುರಿಗೆ ನಿಂತು ಕೈ ಬೀಸಿ ತಾಳ ತೋರಿಸಿ. ಮಕ್ಕಳು ಕಿವಿಗಿಂತ ನಿಮ್ಮ ಕೈಯನ್ನೇ ನಂಬುತ್ತಾರೆ.

ಯಾವುದನ್ನೇ ಆರಿಸಿದರೂ

ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ. ಸದ್ದು ಕಿವಿಗೆ ಬರುವಷ್ಟರಲ್ಲಿ 100, 200 ಮಿಲಿಸೆಕೆಂಡ್ ತಡ ಆಗಿರುತ್ತದೆ. 120ರ ಹಾಡಿನಲ್ಲಿ ಅರ್ಧ ಪೆಟ್ಟು ಅಂದರೆ 250 ಮಿಲಿಸೆಕೆಂಡ್, ನೀವೇ ಲೆಕ್ಕ ಹಾಕಿ. ವೈರ್ ಇರುವ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು. ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿ (ಮೈಕಿನ ಸದ್ದನ್ನು ಕಂಪ್ಯೂಟರ್ ಸುತ್ತಿಸದೆ ನೇರ ಕೇಳಿಸುವುದು) ಇದ್ದರೆ ಹಾಡುವವರ ದನಿಯನ್ನು ಅದರಿಂದಲೇ ಕೇಳಿಸಿ.

ಹೆಡ್‌ಫೋನಿನಿಂದ ಸೋರಿದ ಕ್ಲಿಕ್ ಮೈಕಿಗೆ ಬೀಳುವುದು ದೊಡ್ಡ ಕಾಟ. ಹಾಡು ಜೋರಾಗಿ ಇರುವಾಗ ಗೊತ್ತಾಗುವುದಿಲ್ಲ. ಕೊನೆಯ ಸ್ವರ ಎಳೆದು ನಿಲ್ಲಿಸುವ ಕಡೆ, ಕೊಳಲು ಮೆಲ್ಲಗೆ ಇಳಿಯುವ ಕಡೆ ಟಿಕ್ ಟಿಕ್ ಅಂತ ಕೇಳಿಸುತ್ತದೆ, ತೆಗೆಯಲು ಆಗುವುದೇ ಇಲ್ಲ. ಸಾಫ್ಟ್‌ವೇರಿನ ಚೂಪು ಬೀಪ್ ಬದಲು ಮರದ ತುಂಡಿನಂಥ, ಸ್ವಲ್ಪ ಮಂದ ಸದ್ದು ಇಡಿ. ಮೆಲ್ಲಗಿನ ಭಾಗಗಳಲ್ಲಿ ಕ್ಲಿಕ್ಕಿನ ವಾಲ್ಯೂಮ್ ಇಳಿಯುವ ಹಾಗೆ, ಕೊನೆಯ ಪೆಟ್ಟಿಗೆ ಪೂರ್ತಿ ನಿಲ್ಲುವ ಹಾಗೆ ಮೊದಲೇ ಬರೆದುಬಿಡಿ. ನಮ್ಮ ಗಾಯಕರಲ್ಲಿ ಎಷ್ಟೋ ಜನ ಶ್ರುತಿ ಕೇಳಿಸಲಿ ಅಂತ ಒಂದು ಕಿವಿ ತೆರೆದು ಹಾಡುತ್ತಾರೆ. ಒಳ್ಳೆಯದೇ. ಆದರೆ ತೆರೆದ ಕಿವಿಯ ಕಡೆಯ ಸದ್ದನ್ನು ಬಂದ್ ಮಾಡಿ, ಕ್ಲಿಕ್ ಮುಚ್ಚಿದ ಕಿವಿಗೆ ಮಾತ್ರ ಬರಲಿ.

ವೇಗ ಆರಿಸುವಾಗ ಪಲ್ಲವಿಯನ್ನು ನಂಬಬೇಡಿ. ಹಾಡಿನಲ್ಲಿ ಅಕ್ಷರ ಜಾಸ್ತಿ ಇರುವ, ಉಸಿರು ಸಿಗದ ಚರಣದ ಸಾಲನ್ನು ಹಾಡಿ ನೋಡಿ. ಅದು ಯಾವ ಬಿಪಿಎಂನಲ್ಲಿ ಸರಾಗ ಬರುತ್ತದೋ ಅದೇ ಹಾಡಿನ ಬಿಪಿಎಂ.

ಬೇರೆ ಊರಿನವರಿಗೆ ಕಳಿಸುವಾಗ ಎಲ್ಲ ಟ್ರ್ಯಾಕ್‌ಗಳೂ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಲಿ. ವೇವ್ ಫೈಲ್ ಕಳಿಸಿ. ಎಂಪಿ3 ಮಾಡಿದರೆ ಶುರುವಿನಲ್ಲಿ ಚೂರು ಮೌನ ಸೇರಿಕೊಳ್ಳುತ್ತದೆ, ಪೆಟ್ಟು ಜರುಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಸ್ಯಾಂಪಲ್ ರೇಟ್ ಇಬ್ಬರದ್ದೂ ಒಂದೇ ಇರಲಿ. 44.1 ಕಿಲೋಹರ್ಟ್ಸ್ ಫೈಲನ್ನು ಪರಿವರ್ತಿಸದೆ 48ರಲ್ಲಿ ಓಡಿಸಿದರೆ ಹಾಡು ಶೇಕಡ 9ರ ಹತ್ತಿರ ಬೇಗ ಓಡುತ್ತದೆ, ಶ್ರುತಿಯೂ ಸುಮಾರು ಒಂದೂವರೆ ಸ್ವರಸ್ಥಾನ ಮೇಲೆ ಹೋಗುತ್ತದೆ. ಫೈಲಿನ ಹೆಸರಲ್ಲೇ ಹಾಡಿನ ಮೊದಲ ಪದ, ಬಿಪಿಎಂ, ತಾಳ, ಶ್ರುತಿ ಬರೆಯಿರಿ. ಕ್ಲಿಕ್ಕನ್ನೂ ಬೇರೆಯಾಗಿ ಒಂದು ಟ್ರ್ಯಾಕ್ ಮಾಡಿ ಜೊತೆಗಿಡಿ. ಎರಡು ವರ್ಷ ಬಿಟ್ಟು ಆ ಹಾಡಿಗೆ ವಯೊಲಿನ್ ಸೇರಿಸೋಣ ಅಂತ ಯಾರಿಗಾದರೂ ಅನ್ನಿಸಿದರೆ ಮೊದಲು ಕೇಳುವುದು ಅದನ್ನೇ.